ಬಡಿದು ನೋಡುವವಳು

ಎಡ ಪಕ್ಕೆಯಲ್ಲಿ ಹೊರಟು ಬೆನ್ನಿಗೆ ಸುತ್ತಿತು.
ನೋಡಿದ ಕೂಡಲೇ ಇಜಬೆಲ್ಲ ಹೇಳಿದಳು, "ಸರ್ಪಸುತ್ತು.
ತಲೆ ಬಾಲ ಕೂಡಿದರೆ ಮುಗಿಯಿತು ವಾರಿಜಾ,"
ಹೇಳಿದವಳೇ ಕೆಮ್ಮಣ್ಣು ಕಲಸಿ ತಂದಳು.
ಮೂವತ್ತೊಂದು ವರ್ಷ ಮಣ್ಣಿನಲ್ಲಿ ದುಡಿದವಳಿಗೆ
ಮಣ್ಣೇ ಮದ್ದು!

ವೆನ್ಲಾಕಿನಲ್ಲಿ ಒಬ್ಬಳು ಹುಡುಗಿ ಡಾಕ್ಟರು,
ಫಾಯಿಜಾ ಎಂದು ಕೋಟಿನ ಮೇಲೆ ಬರೆದಿತ್ತು.
"ಇದು ಹೊಸ ಹಾವಲ್ಲ ಅಜ್ಜಿ.
ಸಣ್ಣದಿರುವಾಗ ಸೀತಾಳೆ ಸಿಡುಬು ಬಿದ್ದಿತ್ತಾ?"

ಬಿದ್ದಿತ್ತು. ನನಗೆ ಆರು, ತಮ್ಮ ದಾಮುವಿಗೆ ನಾಲ್ಕು,
ಒಂದೇ ಚಾಪೆ, ಬೇವಿನ ಸೊಪ್ಪು.
ಹೋಯಿತೆಂದು ಅಮ್ಮ ತಲೆಗೆ ನೀರು ಎರೆದಳು.
ಹೋಗಿರಲಿಲ್ಲವಂತೆ.
ಬೆನ್ನುಹುರಿಯ ಪಕ್ಕ, ನರದ ಬುಡದಲ್ಲಿ
ಅರುವತ್ತಾರು ವರ್ಷ ಬಾಡಿಗೆ ಕೊಡದೆ ಮಲಗಿತ್ತಂತೆ.
ದಾಮುವಿನ ಪಾಲಿನದು
ಮುಂಬಯಿಯಲ್ಲಿ ಈಗಲೂ ನಿದ್ದೆಯಲ್ಲಿದೆ.

"ಈಗ ಯಾಕೆ ಎದ್ದಿತು?"
"ಕಾವಲಿಗೆ ವಯಸ್ಸಾಯಿತು.
ಎದೆಮೂಳೆಯ ಹಿಂದೆ ಒಂದು ಗ್ರಂಥಿ ಉಂಟು,
ಕಾವಲು ಕಣಗಳನ್ನು ಹದ ಮಾಡುವ ಜಾಗ.
ಬಂದ ಒಂದೊಂದನ್ನೂ ಅಲ್ಲಿ ಪರೀಕ್ಷೆ ಮಾಡುತ್ತದೆ.
ತನ್ನವರನ್ನೇ ಕಚ್ಚುವುದು, ಯಾರನ್ನೂ ಗುರುತಿಸದ್ದು,
ಎಲ್ಲ ಅಲ್ಲಿಯೇ ಸಾಯಬೇಕು.
ನೂರಕ್ಕೆ ಎರಡೋ ಮೂರೋ ಹೊರಗೆ.
ನೀವು ದೊಡ್ಡವರಾಗುವ ಹೊತ್ತಿಗೇ
ಅದು ಕರಗಲು ಶುರು. ಈಗ ಬರೀ ಕೊಬ್ಬು."

ನಾನು ನಕ್ಕೆ. ಪಕ್ಕೆ ಉರಿಯಿತು.
ಡಾಕ್ಟ್ರೇ, ಆ ಕೆಲಸ ನನ್ನದು!
ಹೊಯಿಗೆಬಜಾರಿನ ಹಂಚಿನ ಕಾರ್ಖಾನೆಯಲ್ಲಿ
ಆವೆಯಿಂದ ಇಳಿದ ಹಂಚನ್ನು ಎಡಗೈಯಲ್ಲಿ ಹಿಡಿದು
ಬಲಗೈ ಗೆಣ್ಣಿನಲ್ಲಿ ಒಂದೇ ಬಡಿತ.
ಟಣ್ ಎಂದರೆ ದೋಣಿಗೆ. ಬೊದ್ ಎಂದರೆ ಗುಡ್ಡೆಗೆ.
ಪಿಯುಸ್ ಮೇಸ್ತ್ರಿ ಎಲ್ಲರಿಗೂ ಹೇಳುತ್ತಿದ್ದ,
ವಾರಿಜನ ಕಿವಿಗೆ ಮೋಸ ಮಾಡುವ ಹಂಚು ಇನ್ನೂ ಬೇಯಲಿಲ್ಲ.
(ಸುಳ್ಳು. ಎಷ್ಟೋ ಮಾಡಿವೆ.
ಯಾರ ಯಾರ ಅಡಿಗೆಮನೆ ಸೋರಿತೋ.)

ಕಾರ್ಖಾನೆ ಮುಚ್ಚಲಿಕ್ಕೆ ಆರು ವರ್ಷ ಹಿಡಿಯಿತು.
ಮೊದಲು ರಾತ್ರಿ ಪಾಳಿ ಹೋಯಿತು,
ಆಮೇಲೆ ಒಂದು ಆವೆ, ಆಮೇಲೆ ಮಣ್ಣಿನ ದೋಣಿಗಳು.
ಕೊನೆಗೆ ಚಿಮಣಿ, ಅದರ ಬಾಯಲ್ಲಿ ಅಶ್ವತ್ಥದ ಸಸಿ.
ಆದರೂ ಊರು ಮರುದಿನವೇ ನೆನೆಯಲಿಲ್ಲ.
ಬೆಂದದ್ದು ಬೆಂದದ್ದೇ,
ಮಾಡಿನ ಮೇಲೆ ಕೂತೇ ಇತ್ತು.

"ಅದೇ," ಎಂದಳು ಹುಡುಗಿ, ಪೆನ್ನು ಕೆಳಗಿಟ್ಟು.

ಅದೇ. ಮೊಮ್ಮಗನ ಶಾಲೆಯಲ್ಲಿ ಕೆಪ್ಪಟ್ರಾಯ ಎದ್ದಾಗ
ಮಗಳ ಕೆನ್ನೆಯೂ ಊದಿತು,
ನಾನು ಗಂಜಿ ಬಡಿಸುತ್ತ ಓಡಾಡಿದೆ.
ಎಂಟನೆಯ ವರ್ಷದ ಹಂಚು, ಒಂದಿಂಚು ಜರುಗಿಲ್ಲ.
ಊರೆಲ್ಲ ಬಾಗಿಲು ಹಾಕಿಕೊಂಡ ವರ್ಷ ಬಂದದ್ದಕ್ಕೆ ಮಾತ್ರ
ನನ್ನಲ್ಲಿ ಆ ಅಳತೆಯದು ಇರಲಿಲ್ಲ.
ಹನ್ನೊಂದು ದಿನ ಆಕ್ಸಿಜನ್.

ಇನ್ನೊಂದು ಉಂಟು, ಹೇಳಿಕೊಳ್ಳಬಾರದು.
ಮೊಮ್ಮಗನಿಗೆ ಒಂದು ಚುಚ್ಚುಮದ್ದಿಗೆ ನೂರಾಮೂರು ಜ್ವರ,
ಮೈಯೆಲ್ಲ ಆವೆ, ಬೆಳಗ್ಗೆ ಎದ್ದು ಕ್ರಿಕೆಟ್ಟು.
ನನಗೆ ಎದೆಯಲ್ಲಿ ಕಫ ಕಟ್ಟಿ ಮಾತು ತಪ್ಪಿದಾಗಲೂ
ಥರ್ಮಾಮೀಟರು ತೊಂಬತ್ತೆಂಟು ದಾಟಲಿಲ್ಲ.
ಆ ಹುಡುಗನ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತ
ಅಸೂಯೆಪಟ್ಟೆ.

ಹಾಗಾದರೆ ಗಂಟುಗಂಟಿನಲ್ಲಿ ಸದಾ ಇರುವ ಈ ಉರಿ?
ಅದೂ ಕಾವಲಿನದ್ದೇ ಅಂತೆ,
ಯಾವ ಕಳ್ಳನೂ ಇಲ್ಲದೆ ಬೊಗಳುತ್ತಿರುವುದು.
ಹಂಚು ಬೇಯುವಷ್ಟು ಕಾವಿಲ್ಲ, ಕೈ ಇಟ್ಟರೆ ಸುಡುತ್ತದೆ.
ಆರಿದ ಆವೆಯ ಬೂದಿ ನಮಗೆ ಗೊತ್ತು,
ಅದರಲ್ಲಿ ಗೆಣಸು ಸುಟ್ಟು ತಿಂದಿದ್ದೇವೆ.

ಸರ್ಪ ನಡುಬೆನ್ನಿನಲ್ಲಿ ನಿಂತಿತು.
ಒಂದು ನರಕ್ಕೆ ಅರ್ಧ ಮೈ ಮಾತ್ರ ಪಾಲಂತೆ,
ತಲೆ ಬಾಲ ಕೂಡುವ ಪ್ರಶ್ನೆಯೇ ಇಲ್ಲ.
ಇಜಬೆಲ್ಲ ಬೀದಿಯೆಲ್ಲ ಹೇಳಿದಳು,
ತನ್ನ ಕೆಮ್ಮಣ್ಣೇ ಅಡ್ಡ ನಿಂತದ್ದು ಎಂದು.
ಇರಲಿ.

ರಾತ್ರಿ ನಿದ್ದೆ ಬಾರದಾಗ
ಎದೆಮೂಳೆಯ ಮೇಲೆ ಗೆಣ್ಣಿನಲ್ಲಿ ಒಂದು ಬಡಿದು
ಕಿವಿಗೊಡುತ್ತೇನೆ.
ಟಣ್ ಎನ್ನುವುದಿಲ್ಲ. ಬೊದ್ ಎಂದೂ ಹೇಳಲಾರೆ.
ಯಾವ ಕಡೆಗೆ ಹಾಕುವುದೆಂದು ತಿಳಿಯದೆ
ಕೈಯಲ್ಲೇ ಹಿಡಿದುಕೊಂಡಿದ್ದೇನೆ.